ಪ್ರಾಣವಾಯುವೂ ಕಂದನ ಕಣ್ಣೂ

(ಬಾನುಲಿ ಭಾಷಣ)

ಆಕ್ಸಿಜನ್ ಎಂಬ ಅನಿಲಕ್ಕೆ ನಮ್ಮಲ್ಲಿ ಎರಡು ಹೆಸರುಗಳುಂಟು. ಒಂದು ಆಮ್ಲಜನಕ, ಇನ್ನೊಂದು ಪ್ರಾಣವಾಯು. ಮೊದಲನೆಯದು ಫ್ರಾನ್ಸಿನ ಲವಾಸಿಯೇ ಗ್ರೀಕ್ ಧಾತುಗಳಿಂದ ಕಟ್ಟಿದ ಪದದ ಅನುವಾದ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲವೆಂದು ಅವನು ಭಾವಿಸಿದ್ದ. ಆ ಭಾವನೆ ತಪ್ಪೆಂದು ಮುಂದೆ ತಿಳಿಯಿತು. ಹೆಸರು ಮಾತ್ರ ಉಳಿಯಿತು. ಎರಡನೆಯದು ಹೃದಯದಿಂದ ಬಂದ ಹೆಸರು. ಪಂಚಪ್ರಾಣಗಳಲ್ಲಿ ಮೊದಲನೆಯದರ ಹೆಸರನ್ನೇ ಎತ್ತಿ ಈ ಅನಿಲಕ್ಕೆ ಕೊಟ್ಟೆವು. ಇಂಥ ಹೆಸರನ್ನು ಹೊತ್ತ ವಸ್ತು ಕೆಡುಕು ಮಾಡೀತೆಂದು ಯಾರು ತಾನೇ ಊಹಿಸಿಯಾರು? ನಾನಂತೂ ಊಹಿಸಿರಲಿಲ್ಲ.

ನಾನು ವೈದ್ಯನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಣ್ಣಿನ ರೋಗವೊಂದರ ಚರಿತ್ರೆಯನ್ನು ಹೇಳಲು ಈತನಿಗೇನು ಅಧಿಕಾರ ಎಂದು ಕೇಳುಗರು ಕೇಳಬಹುದು; ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಉತ್ತರ ಇಷ್ಟೇ: ಒಬ್ಬ ತಾಯಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಆಗ ಉತ್ತರ ಹೇಳಲಾಗಲಿಲ್ಲ. ಆ ಸಾಲವನ್ನು ತೀರಿಸಲು ನಾನು ಓದಿದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

2017ರಲ್ಲಿ, ನನ್ನ ಅಧ್ಯಾಪನದ ಕೊನೆಯ ವರ್ಷಗಳಲ್ಲಿ, ಕನ್ನಡ ಎಂ.ಎ. ತರಗತಿಗೆ ಕಣ್ಣಿಲ್ಲದ ಹುಡುಗನೊಬ್ಬ ಸೇರಿದ. ಒಮ್ಮೆ ಕೇಳಿದ ಷಟ್ಪದಿ ಅವನ ನೆನಪಿನಲ್ಲಿ ಕಲ್ಲಿನಲ್ಲಿ ಕೊರೆದಂತೆ ನಿಲ್ಲುತ್ತಿತ್ತು. ಅವನನ್ನು ವಿದ್ಯಾರ್ಥಿನಿಲಯಕ್ಕೆ ಬಿಡಲು ಬಂದ ಅವನ ತಾಯಿ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು ಮಾತನಾಡಿದರು. ಹಾಸನದ ಕಡೆಯ ಹಳ್ಳಿಯವರು. ಮಗ ಹುಟ್ಟುಗುರುಡನೇ ಎಂದು ನಾನು ಕೇಳಿದ್ದೇ ತಡ, ಆಕೆ ತಲೆ ತಗ್ಗಿಸಿದರು. "ಇಲ್ಲ ಮೇಷ್ಟ್ರೇ, ನನ್ನಿಂದ ಹೋದದ್ದು. ಇವನು ಹೊಟ್ಟೇಲಿದ್ದಾಗ ದೀಪಾವಳಿ ಹಬ್ಬದಲ್ಲಿ ಸೂರ್ಯಗ್ರಹಣ ಬಂತಲ್ಲ, ಆವತ್ತು ಬೆಳಿಗ್ಗೆ ಕೊಟ್ಟಿಗೇಲಿ ಹಸು ಒಂದೇ ಸಮ ಕೂಗ್ತಿತ್ತು. ಮನೇಲಿ ಯಾರೂ ಇರಲಿಲ್ಲ. ಹೋಗಿ ಹುಲ್ಲು ಹಾಕಿ ಬಂದೆ. ಏಳು ತಿಂಗಳಿಗೇ ಹುಟ್ಟಿದ. ದೊಡ್ಡ ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿಟ್ಟು ಗಾಳಿ ಕೊಟ್ಟು ಜೀವ ಉಳಿಸಿದ್ರು. ಕಣ್ಣು ಮಾತ್ರ ಗ್ರಹಣ ತಿಂತು" ಎಂದರು.

ಆಕೆ ಹೇಳಿದ್ದು 1995ರ ಅಕ್ಟೋಬರ್ 24ರ ಗ್ರಹಣ. ಉತ್ತರ ಭಾರತದಲ್ಲಿ ಪೂರ್ಣವಾಗಿ, ನಮ್ಮಲ್ಲಿ ಪಾರ್ಶ್ವವಾಗಿ ಕಂಡದ್ದು. ಗ್ರಹಣಕ್ಕೂ ಕಣ್ಣಿಗೂ ಸಂಬಂಧವಿಲ್ಲ ತಾಯಿ ಎಂದೆ. ಆಕೆ ನನ್ನನ್ನು ನೆಟ್ಟಗೆ ನೋಡಿ, "ಮತ್ತೆ ಯಾತಕ್ಕೆ ಹೋಯ್ತು, ನೀವೇ ಹೇಳಿ" ಎಂದರು. ನಾನು ಹೇಳಲಾರದೆ ಸುಮ್ಮನಾದೆ. ಒಂದು ಕಾರಣವನ್ನು ಅಲ್ಲವೆಂದು ತಳ್ಳಿಹಾಕಿ, ಅದರ ಸ್ಥಾನದಲ್ಲಿ ಇಡಲು ಬೇರೆ ಕಾರಣವಿಲ್ಲದ ವಿದ್ಯಾವಂತನ ಸ್ಥಿತಿ ಬಹಳ ಕಷ್ಟದ್ದು.

2021ರಲ್ಲಿ ನನ್ನ ಮಗಳಿಗೆ ಮೂವತ್ತೊಂದನೆಯ ವಾರದಲ್ಲೇ ಹೆರಿಗೆಯಾಯಿತು. ಮೊಮ್ಮಗಳ ತೂಕ ಒಂದೂವರೆ ಕಿಲೋ ಕೂಡ ಇರಲಿಲ್ಲ. ಮೂರನೆಯ ವಾರ ದಾಟಿದ ಮೇಲೆ ವೈದ್ಯರು ಮಗುವಿನ ಕಣ್ಣನ್ನು ಪರೀಕ್ಷಿಸಬೇಕೆಂದರು. ಕಣ್ಣನ್ನು ಏಕೆ ಎಂದು ನಾನು ಕೇಳಿದೆ. ಅವರು ಕೊಟ್ಟ ಎರಡು ನಿಮಿಷದ ವಿವರಣೆಯಲ್ಲಿ ಅವಧಿಪೂರ್ವ ಶಿಶು, ಆಮ್ಲಜನಕ, ಅಕ್ಷಿಪಟಲ ಎಂಬ ಮೂರು ಮಾತುಗಳು ಒಟ್ಟಿಗೆ ಬಂದಾಗ, ನಾಲ್ಕು ವರ್ಷಗಳ ಹಿಂದೆ ನನ್ನ ಬಾಗಿಲಲ್ಲಿ ನಿಂತಿದ್ದ ಆ ತಾಯಿ ಕಣ್ಣ ಮುಂದೆ ಬಂದರು. ಆ ರೋಗದ ಕಥೆಯನ್ನು ಹುಡುಕಿ ಓದತೊಡಗಿದ್ದು ಆಗ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಬದುಕುವುದೇ ಅಪರೂಪವಾಗಿದ್ದ ಕಾಲ ಬಹಳ ಹಿಂದಿನದೇನಲ್ಲ. 1880ರಲ್ಲಿ ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ ಸ್ಟೆಫಾನ್ ಟಾರ್ನಿಯೇ ಎಂಬ ವೈದ್ಯ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯನ್ನು ಬಳಕೆಗೆ ತಂದ. ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತಂತೆ. ಪೆಟ್ಟಿಗೆ ಬಂದ ಮೇಲೆ ಸಾವು ಕಡಿಮೆಯಾಯಿತು. ಅಮೆರಿಕದಲ್ಲಿ ಮಾರ್ಟಿನ್ ಕೂನಿ ಎಂಬಾತ ನ್ಯೂಯಾರ್ಕ್ ನಗರದ ಕೋನಿ ಐಲೆಂಡಿನ ಜಾತ್ರೆಯಂಥ ವಿಹಾರಸ್ಥಳದಲ್ಲಿ 1903ರಿಂದ ನಾಲ್ಕು ದಶಕಗಳ ಕಾಲ ಈ ಮಕ್ಕಳನ್ನು ಪೆಟ್ಟಿಗೆಗಳಲ್ಲಿಟ್ಟು, ನೋಡಲು ಬಂದವರಿಂದ ಹಣ ಪಡೆದು, ಆ ಹಣದಿಂದಲೇ ಅವರನ್ನು ಸಾಕಿ ಉಳಿಸಿದ. ಮೊದಮೊದಲು ಆಸ್ಪತ್ರೆಗಳಿಗೇ ಬೇಡವಾಗಿದ್ದ ಮಕ್ಕಳವು. ಮುಂದೆ ಆಸ್ಪತ್ರೆಗಳೂ ಕಣ್ತೆರೆದುವು. ಗಾಳಿ ಸೋರದ ಹೊಸ ಪೆಟ್ಟಿಗೆಗಳು ಬಂದುವು. ಅವುಗಳೊಳಕ್ಕೆ ಕೊಳವೆಯ ಮೂಲಕ ಆಮ್ಲಜನಕ ಹರಿಯಿತು. ಆಮ್ಲಜನಕವನ್ನು ಹೆಚ್ಚಿಸಿದರೆ ಏರುಪೇರಾದ ಉಸಿರು ಸಮಕ್ಕೆ ಬರುತ್ತದೆಂದು 1942ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ನೀಲಿಗಟ್ಟಿದ ಕಂದನ ಮೈ ಕಣ್ಣೆದುರಿಗೇ ಕೆಂಪಾಗುವುದನ್ನು ಕಂಡ ಯಾವ ದಾದಿ ಆ ಕೊಳವೆಯನ್ನು ಮುಚ್ಚಿಯಾಳು?

ಅದೇ 1942ರಲ್ಲಿ ಬೋಸ್ಟನ್ ನಗರದ ನೇತ್ರವೈದ್ಯ ಥಿಯೊಡೋರ್ ಟೆರಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಅದರ ಹಿಂದಿನ ವರ್ಷ ಫೆಬ್ರವರಿಯಲ್ಲಿ ಸ್ಟೂವರ್ಟ್ ಕ್ಲಿಫರ್ಡ್ ಎಂಬ ಮಕ್ಕಳ ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಮಗುವೊಂದನ್ನು ನೋಡಲು ಅದರ ಮನೆಗೆ ಹೋಗಿದ್ದರು. ಮಗುವಿನ ಕಣ್ಣುಗಳು ಎಲ್ಲಿಯೂ ನಿಲ್ಲದೆ ಅಲೆಯುತ್ತಿದ್ದವು. ಪಾಪೆಯ ಹಿಂದೆ ಬೂದುಬಣ್ಣದ ಪೊರೆ ಕಾಣಿಸುತ್ತಿತ್ತು. ಅಂಥವೇ ಮಕ್ಕಳು ಒಂದೊಂದಾಗಿ ಟೆರಿಯವರ ಬಳಿಗೆ ಬಂದುವು. ಎಲ್ಲವೂ ಅವಧಿಗೆ ಬಹಳ ಮುನ್ನ ಹುಟ್ಟಿದವು. ಹುಟ್ಟಿದಾಗ ಕಣ್ಣು ಚೆನ್ನಾಗಿದ್ದು, ಕೆಲವು ತಿಂಗಳಲ್ಲಿ ಮಸೂರದ ಹಿಂದೆ ನಾರಿನಂಥ ಅಂಗಾಂಶ ಬೆಳೆದಿತ್ತು. ಗ್ರೀಕ್, ಲ್ಯಾಟಿನ್ ಬಲ್ಲ ಹ್ಯಾರಿ ಮೆಸೆಂಜರ್ ಎಂಬ ನೇತ್ರವೈದ್ಯರು ಇದಕ್ಕೆ ರೆಟ್ರೊಲೆಂಟಲ್ ಫೈಬ್ರೋಪ್ಲೇಸಿಯ ಎಂಬ ಹೆಸರು ಕಟ್ಟಿಕೊಟ್ಟರು. ಮಸೂರದ ಹಿಂದಣ ನಾರುಬೆಳೆ ಎಂದು ಅದರ ಅರ್ಥ. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ. ಕಾರಣವನ್ನು ಕಾಣದೆಯೇ ಟೆರಿ 1946ರಲ್ಲಿ ತೀರಿಕೊಂಡರು.

ಮುಂದಿನ ವರ್ಷಗಳ ವೃತ್ತಾಂತವನ್ನು ಓದುವಾಗ ಆ ತಾಯಿಯ ಗ್ರಹಣ ನನಗೆ ಮತ್ತೆ ಮತ್ತೆ ನೆನಪಾಯಿತು. ದೊಡ್ಡ ದೊಡ್ಡ ವೈದ್ಯರೂ ತಮ್ಮ ತಮ್ಮ ಗ್ರಹಣಗಳನ್ನು ಹುಡುಕುತ್ತಿದ್ದರು. ವಿಟಮಿನ್ ಕಡಿಮೆಯಾಯಿತೇ, ಹೆಚ್ಚಾಯಿತೇ? ಕಬ್ಬಿಣದ ಔಷಧವೇ? ಬೆಳಕು ಬೇಗ ಬಿದ್ದದ್ದೇ? ಹಾಲಿನ ದೋಷವೇ? ವಿಚಿತ್ರವೆಂದರೆ, ರೋಗ ಬಡ ಆಸ್ಪತ್ರೆಗಳಲ್ಲಿ ವಿರಳ; ಒಳ್ಳೆಯ ಉಪಕರಣಗಳಿದ್ದ, ಶ್ರದ್ಧೆಯಿಂದ ಆರೈಕೆ ನಡೆಯುತ್ತಿದ್ದ ಕಡೆಗಳಲ್ಲಿ ಹೆಚ್ಚು. ಆರೈಕೆಯೇ ರೋಗದ ಮೂಲವೆಂದು ನಂಬಲು ಯಾರ ಮನಸ್ಸೂ ಒಪ್ಪುವುದಿಲ್ಲವಷ್ಟೆ.

ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್ ಎಂಬ ಶಿಶುವೈದ್ಯರ ಅನುಭವ ಇಲ್ಲಿ ಹೇಳಬೇಕಾದದ್ದು. ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನಿಂದ ಈ ರೋಗ ನಿಲ್ಲುತ್ತದೆಂದು ಅವರಿಗೂ ಅವರ ಜೊತೆಯವರಿಗೂ ತೋರಿತು. ಔಷಧ ಕೊಟ್ಟ 31 ಶಿಶುಗಳಲ್ಲಿ 25 ಒಳ್ಳೆಯ ಕಣ್ಣುಗಳೊಡನೆ ಮನೆಗೆ ಹೋದುವು. ಔಷಧ ಕೊಡದ ಇನ್ನೊಂದು ಆಸ್ಪತ್ರೆಯಲ್ಲಿ 7ರಲ್ಲಿ 6 ಕುರುಡಾದುವು. ಇದಕ್ಕಿಂತ ಸಾಕ್ಷಿ ಬೇಕೆ? ಆದರೂ ಅವರು ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ಮತ್ತೆ ಪರೀಕ್ಷಿಸಿದರು. ಈ ಬಾರಿ ಔಷಧ ಪಡೆದವರಲ್ಲಿ ಮೂರರಲ್ಲೊಂದು ಪಾಲು ಕುರುಡಾಯಿತು. ಪಡೆಯದವರಲ್ಲಿ ಐದರಲ್ಲೊಂದು ಪಾಲು. ಸಾಲದೆಂದು ಔಷಧ ಪಡೆದವರಲ್ಲಿ ಸೋಂಕಿನ ಸಾವೂ ಹೆಚ್ಚು. ಮೊದಲು ಕಂಡ ಗುಣ ಔಷಧದ್ದಾಗಿರಲಿಲ್ಲ. ಈ ರೋಗ ಬಹಳ ಮಕ್ಕಳಲ್ಲಿ ಆರಂಭವಾಗಿ ತಾನಾಗಿಯೇ ಅಡಗುತ್ತದೆ. ಔಷಧ ಸುಮ್ಮನೆ ಕೀರ್ತಿ ಪಡೆದಿತ್ತು. ಸಿಲ್ವರ್‌ಮನ್ ಈ ಪಾಠವನ್ನು ಎಂದೂ ಮರೆಯಲಿಲ್ಲ. 1980ರಲ್ಲಿ ಅವರು ಈ ರೋಗದ ಚರಿತ್ರೆಯನ್ನೇ ಒಂದು ಪುಸ್ತಕವಾಗಿ ಬರೆದು, ಅದನ್ನು ಆಧುನಿಕ ನೀತಿಕಥೆಯೆಂದು ಕರೆದರು.

ನಿಜವಾದ ಸುಳಿವು ಸಿಕ್ಕಿದ್ದು ದೂರದ ಆಸ್ಟ್ರೇಲಿಯದಲ್ಲಿ. ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ಶಿಶುವೈದ್ಯೆ ತಮ್ಮ ಊರಿನ ಆಸ್ಪತ್ರೆಗಳ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಆಮ್ಲಜನಕವನ್ನು ಧಾರಾಳವಾಗಿ ಬಳಸುತ್ತಿದ್ದ ಕಡೆ ನೂರಕ್ಕೆ 19 ಮಕ್ಕಳಿಗೆ ಈ ರೋಗ. ಮಿತವಾಗಿ ಬಳಸುತ್ತಿದ್ದ ಕಡೆ ನೂರಕ್ಕೆ 7. 1951ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೇರಿ ಕ್ರಾಸ್ ಎಂಬ ವೈದ್ಯೆಗೂ ಅದೇ ಅನುಮಾನ ಬಂದಿತ್ತು.

ಅಮೆರಿಕದ ವಾಷಿಂಗ್ಟನ್ನಿನಲ್ಲಿ ಆರ್ನಲ್ ಪ್ಯಾಟ್ಸ್ ಎಂಬ ಯುವ ನೇತ್ರವೈದ್ಯರು ಇದನ್ನು ನೇರವಾಗಿ ಪರೀಕ್ಷಿಸಹೊರಟರು. ಕೆಲವು ಮಕ್ಕಳಿಗೆ ಎಂದಿನಂತೆ ಹೆಚ್ಚು ಆಮ್ಲಜನಕ, ಕೆಲವರಿಗೆ ಅಗತ್ಯವಿದ್ದಷ್ಟೇ. ಮಕ್ಕಳ ಉಸಿರಿನೊಡನೆ ಆಟವಾಡುವ ಈ ಪ್ರಯೋಗಕ್ಕೆ ಸರಕಾರದ ಸಂಶೋಧನಾ ಸಂಸ್ಥೆ ಹಣ ಕೊಡಲೊಪ್ಪಲಿಲ್ಲ. ಪ್ಯಾಟ್ಸ್ ತಮ್ಮ ಸೋದರನಿಂದ ಸಾಲ ತಂದರು. ಇನ್ನೊಂದು ಸಂಗತಿಯುಂಟು. ರಾತ್ರಿಪಾಳಿಯ ದಾದಿಯರಲ್ಲಿ ಕೆಲವರು, ಈ ವೈದ್ಯರು ಮಕ್ಕಳನ್ನು ಕೊಲ್ಲುತ್ತಿದ್ದಾರೆಂದು ನಂಬಿ, ಯಾರೂ ಇಲ್ಲದ ಹೊತ್ತಿನಲ್ಲಿ ಕೊಳವೆಯನ್ನು ತಿರುಗಿಸಿ ಆಮ್ಲಜನಕವನ್ನು ಹೆಚ್ಚಿಸುತ್ತಿದ್ದರು! ನಾನು ಆ ದಾದಿಯರನ್ನು ಹಳಿಯಲಾರೆ. ಕರುಣೆಯೇ ಅವರ ಕೈಯನ್ನು ನಡೆಸಿತ್ತು. ಹೊರಗೆ ಕೂಗುತ್ತಿದ್ದ ಹಸುವಿಗೆ ಹುಲ್ಲು ಹಾಕಲು ಹೋದ ಕೈಯನ್ನು ನಡೆಸಿದ ಕರುಣೆಯಂಥದೇ ಅದೂ.

1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ, ಎವರೆಟ್ ಕಿನ್ಸಿಯವರ ನೇತೃತ್ವದಲ್ಲಿ, 786 ಶಿಶುಗಳ ಮೇಲೆ ನಡೆಸಿದ ದೊಡ್ಡ ಪರೀಕ್ಷೆ ಅನುಮಾನವನ್ನು ತೀರಿಸಿತು. 1954ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಹೊರಬಿತ್ತು. ಅತಿಯಾದ ಆಮ್ಲಜನಕವೇ ಅಪರಾಧಿ. ಅಷ್ಟು ಹೊತ್ತಿಗೆ ಲೋಕದಲ್ಲಿ ಸುಮಾರು 10,000 ಮಕ್ಕಳು ಕುರುಡಾಗಿದ್ದರು. ಅವರಲ್ಲಿ 7,000 ಮಂದಿ ಅಮೆರಿಕದವರು. ಹಾಡುಗಾರ ಸ್ಟೀವಿ ವಂಡರ್ ಅವರಲ್ಲೊಬ್ಬರು. 1950ರಲ್ಲಿ ಆರು ವಾರ ಮೊದಲೇ ಹುಟ್ಟಿದವರು. 1956ರಲ್ಲಿ ಪ್ಯಾಟ್ಸ್ ಮತ್ತು ಕಿನ್ಸಿಯವರಿಗೆ ಲಾಸ್ಕರ್ ಪ್ರಶಸ್ತಿ ಬಂದಿತು. ಪ್ಯಾಟ್ಸ್ ಅವರಿಗೆ ಅದನ್ನು ಕೊಟ್ಟ ಕೈ ಹೆಲೆನ್ ಕೆಲರ್ ಅವರದು.

ಪ್ರಾಣವಾಯು ಕಣ್ಣನ್ನು ಕೆಡಿಸುವುದು ಹೇಗೆ? ಲಂಡನ್ನಿನ ನಾರ್ಮನ್ ಆಶ್ಟನ್ ಬೆಕ್ಕಿನ ಮರಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಕಣ್ಣಿನ ಹಿಂಬದಿಯ ಒಳಪದರವೇ ಅಕ್ಷಿಪಟಲ. ನೋಟವನ್ನು ಹಿಡಿಯುವ ಪರದೆ. ಗರ್ಭದ ಹದಿನಾರನೆಯ ವಾರದ ಸುಮಾರಿಗೆ ಅದರ ನಡುವಿನಿಂದ ರಕ್ತನಾಳಗಳು ಹೊರಟು ಅಂಚಿನ ಕಡೆಗೆ ಬೆಳೆಯುತ್ತವೆ. ಕೆರೆಯ ತೂಬಿನಿಂದ ಹೊರಟ ಕಾಲುವೆ ಗದ್ದೆಯಿಂದ ಗದ್ದೆಗೆ ಸಾಗಿ ಕೊನೆಯ ಮಡಿಯನ್ನು ಮುಟ್ಟುವಂತೆ, ಹೆರಿಗೆಯ ಹೊತ್ತಿಗೆ ಅವು ಅಂಚನ್ನು ಮುಟ್ಟಬೇಕು. ಗರ್ಭದೊಳಗೆ ಆಮ್ಲಜನಕ ಕಡಿಮೆ. ಆ ಕೊರತೆಯೇ ನಾಳಗಳನ್ನು ಮುಂದಕ್ಕೆ ಕರೆಯುತ್ತದೆ. ಮಗು ಬೇಗ ಹೊರಬಂದು ಅತಿಯಾದ ಆಮ್ಲಜನಕದಲ್ಲಿ ಬಿದ್ದರೆ ಕರೆ ನಿಂತುಹೋಗುತ್ತದೆ. ಎಳೆಯ ನಾಳಗಳು ಮುದುಡುತ್ತವೆ. ಕಾಲುವೆ ಅರ್ಧಕ್ಕೇ ನಿಂತಿತು. ಕೆಲವು ವಾರಗಳಲ್ಲಿ, ಬೆಳೆಯುತ್ತಿರುವ ಅಂಚಿನ ಭಾಗ ಉಸಿರಿಗಾಗಿ ಹಪಹಪಿಸುತ್ತದೆ. ಆಗ ಒಂದು ರಾಸಾಯನಿಕ ಸಂದೇಶ ಹೊರಡುತ್ತದೆ. ಇಂಥದೊಂದು ವಸ್ತು ಇದ್ದೀತೆಂದು ಐಸಾಕ್ ಮೈಕಲ್‌ಸನ್ 1948ರಲ್ಲೇ ಊಹಿಸಿದ್ದರು; ಅದು ವಿ.ಇ.ಜಿ.ಎಫ್. ಎಂಬ ಪ್ರೋಟೀನೆಂದು 1990ರ ದಶಕದಲ್ಲಿ ಸ್ಪಷ್ಟವಾಯಿತು. ಈ ಕರೆಗೆ ಓಗೊಟ್ಟು ಹುಟ್ಟುವ ನಾಳಗಳು ದಿಕ್ಕುಗೆಟ್ಟು ಬೆಳೆದು, ಒಡೆದು, ಗಾಯಗಟ್ಟಿ, ಆ ಗಾಯ ಸುಕ್ಕುಗಟ್ಟುತ್ತ ಅಕ್ಷಿಪಟಲವನ್ನೇ ಕಿತ್ತುಬಿಡುತ್ತವೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 1954ರ ನಂತರ ಆಸ್ಪತ್ರೆಗಳು ಆಮ್ಲಜನಕವನ್ನು ನೂರಕ್ಕೆ ನಲವತ್ತರೊಳಗೆ ಬಿಗಿಹಿಡಿದುವು. ಕುರುಡುತನ ಥಟ್ಟನೆ ಇಳಿಯಿತು. ಆದರೆ ಪುಪ್ಪುಸಗಳು ಬಲಿಯದ ಮಕ್ಕಳು ಉಸಿರಿಲ್ಲದೆ ಸಾಯತೊಡಗಿದುವು. ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿ, ಒಂದು ಮಗುವಿನ ಕಣ್ಣನ್ನು ಉಳಿಸಲು ಸುಮಾರು ಹದಿನಾರು ಮಕ್ಕಳ ಜೀವ ತೆತ್ತಿದ್ದೇವೆಂದು ಅಂದಾಜು ಮಾಡಿದರು. ಅತಿಯಾದರೆ ಅಮೃತವೂ ವಿಷವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅತಿ ಎಲ್ಲಿ ಆರಂಭವಾಗುತ್ತದೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಅಳೆದು ನೋಡಬೇಕು. 2010ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲೂ ಇದೇ ಇಕ್ಕಟ್ಟು. ರಕ್ತದ ಆಮ್ಲಜನಕವನ್ನು ಕೆಳಮಟ್ಟದಲ್ಲಿಟ್ಟಾಗ ಬದುಕಿದವರಲ್ಲಿ ತೀವ್ರ ಕಣ್ಣಿನ ರೋಗ ನೂರಕ್ಕೆ 17.9ರಿಂದ 8.6ಕ್ಕೆ ಇಳಿಯಿತು, ಸಾವು ಮಾತ್ರ 16.2ರಿಂದ 19.9ಕ್ಕೆ ಏರಿತು. ಪ್ರಾಣವಾಯುವನ್ನು 1774ರಲ್ಲಿ ಕಂಡುಹಿಡಿದ ಇಂಗ್ಲೆಂಡಿನ ಪ್ರೀಸ್ಟ್ಲಿಯೇ, ಈ ಶುದ್ಧ ವಾಯುವಿನಲ್ಲಿ ಮೇಣದಬತ್ತಿ ಬೇಗ ಉರಿದು ಮುಗಿಯುವಂತೆ ಮನುಷ್ಯನ ಆಯುಸ್ಸೂ ಬೇಗ ತೀರೀತೇನೋ ಎಂದು ಶಂಕಿಸಿದ್ದನಂತೆ.

ಆದ್ದರಿಂದ ಉಳಿದ ದಾರಿ ಒಂದೇ: ಮಗುವನ್ನು ಉಳಿಸಿ, ಆಮೇಲೆ ಕಣ್ಣನ್ನು ಕಾಯುವುದು. ರೋಗ ಕೈಮೀರುವ ಮುನ್ನ ಅಕ್ಷಿಪಟಲದ ಅಂಚಿಗೆ ಶೀತಚಿಕಿತ್ಸೆ ಮಾಡಿದರೆ ಕೆಟ್ಟ ಪರಿಣಾಮ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 1988ರಲ್ಲಿ ಸಿದ್ಧವಾಯಿತು. ಮುಂದೆ ಲೇಸರ್ ಬಂದಿತು. ಆಮೇಲೆ ಆ ದಿಕ್ಕುಗೆಟ್ಟ ಕರೆಯನ್ನೇ ಅಡಗಿಸುವ ಚುಚ್ಚುಮದ್ದುಗಳು ಬಂದುವು. ಇವೆಲ್ಲ ಫಲಿಸಬೇಕಾದರೆ ಸಮಯಕ್ಕೆ ಸರಿಯಾಗಿ ಯಾರಾದರೂ ಕಣ್ಣೊಳಗೆ ನೋಡಿರಬೇಕು. ಕಾಯುವ ಅವಧಿ ಕೆಲವೇ ವಾರಗಳದು. ಹೊರಗಿನಿಂದ ನೋಡುವವರಿಗೆ ಕಣ್ಣು ನಳನಳಿಸುತ್ತಿರುತ್ತದೆ. ಒಳಗೆ ಅಕ್ಷಿಪಟಲ ಕಳಚುತ್ತಿರುತ್ತದೆ.

ನಮ್ಮ ದೇಶದಲ್ಲಿ ಶಿಶುಗಳ ತೀವ್ರನಿಗಾ ಘಟಕಗಳು ಊರೂರಿಗೆ ಬಂದಂತೆ ಈ ರೋಗವೂ ಬಂದಿತು. ಪಶ್ಚಿಮದಲ್ಲಿ ಈಗ ಅತಿ ಚಿಕ್ಕ ಶಿಶುಗಳಿಗೆ ಮಾತ್ರ ಬರುವ ರೋಗ, ನಮ್ಮಲ್ಲಿ ಅವುಗಳಿಗಿಂತ ದೊಡ್ಡ ಮಕ್ಕಳಿಗೂ ಬರುತ್ತದೆ. ಮಕ್ಕಳ ಕಣ್ಣಿನ ನುರಿತ ವೈದ್ಯರೋ ಬೆರಳೆಣಿಕೆಯಷ್ಟು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಉಪಾಯ ಹೂಡಿದರು. ವೈದ್ಯರಲ್ಲದ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಯ ಆಸ್ಪತ್ರೆಗಳಿಗೆ ಗೊತ್ತಾದ ದಿನ ಹೋಗಿ, ಮಗುವಿನ ಅಕ್ಷಿಪಟಲದ ಚಿತ್ರ ತೆಗೆದು ಇಂಟರ್‌ನೆಟ್ಟಿನ ಮೂಲಕ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ ತಜ್ಞರು ನೋಡಿ ಹೇಳುತ್ತಾರೆ. ಸರಕಾರದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವೂ ಕೈಜೋಡಿಸಿತು. ಕಿಡ್‌ರಾಪ್ ಎಂಬ ಈ ಕಾರ್ಯಕ್ರಮ ಕರ್ನಾಟಕದ ಹೆಸರನ್ನು ಹೊತ್ತು ಇತರ ಕಡೆಗಳಿಗೂ ಮೇಲ್ಪಂಕ್ತಿಯಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ಆರೋಗ್ಯಸಮಸ್ಯೆಗಳ ಪಟ್ಟಿಯಲ್ಲಿ ಈ ರೋಗವೂ ಸೇರಿತು. 1996ರಲ್ಲಿ ಚೆನ್ನೈಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಹುಟ್ಟಿ, ಪರೀಕ್ಷೆಯಿಲ್ಲದೆ ದೃಷ್ಟಿ ಕಳೆದುಕೊಂಡ ಹೆಣ್ಣುಮಗುವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಪರಿಹಾರ ಕೊಡಿಸಿತು.

ನನ್ನ ಮೊಮ್ಮಗಳ ಕಣ್ಣಿನ ಚಿತ್ರವನ್ನು ಹಾಗೆಯೇ ತೆಗೆದರು. ರೋಗದ ಮೊದಲ ಚಿಹ್ನೆ ಇತ್ತು, ವಾರ ವಾರ ನೋಡಿದರು, ತಾನಾಗಿಯೇ ಅಡಗಿತು. ಇಂದು ಅವಳು ನನ್ನ ಕನ್ನಡಕವನ್ನು ಎಲ್ಲಿ ಬಚ್ಚಿಟ್ಟರೂ ಹುಡುಕಿ ತರುತ್ತಾಳೆ.

ಮಾರನೆಯ ವರ್ಷ ನಾನು ಆ ತಾಯಿಯ ಊರಿಗೆ ಹೋದೆ. ಮಗ ಆ ಹೊತ್ತಿಗೆ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದ. ಜಗಲಿಯ ಮೇಲೆ ಕುಳಿತು ನಾನು ಓದಿದ್ದನ್ನೆಲ್ಲ, ಕಾಲುವೆಯ ಉಪಮೆಯೊಡನೆ, ಆಕೆಗೆ ಹೇಳಿದೆ. ಗ್ರಹಣವಲ್ಲ, ಹಸುವಲ್ಲ, ನೀವಲ್ಲ ತಾಯಿ ಎಂದೆ. ಆಕೆಗೆ ಸಮಾಧಾನವಾಗುತ್ತದೆಂದು ನಾನು ಎಣಿಸಿದ್ದೆ. ಬಹಳ ಹೊತ್ತು ಸುಮ್ಮನಿದ್ದು ಆಕೆ ಕೇಳಿದರು: "ಹಂಗಾದ್ರೆ ಮೇಷ್ಟ್ರೇ, ಒಂದು ತಿಂಗಳೊಳಗೆ ಯಾರಾದ್ರೂ ನೋಡಿದ್ರೆ ಇವನ ಕಣ್ಣು ಉಳೀತಿತ್ತಾ?"

ಶೀತಚಿಕಿತ್ಸೆ ಸಿದ್ಧವಾದದ್ದು 1988ರಲ್ಲಿ. ಹುಡುಗ ಹುಟ್ಟಿದ್ದು 1996ರಲ್ಲಿ. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಿಗೆ ಆಗಲೇ ಇದು ತಿಳಿದಿತ್ತು. ಆತನ ಜೀವ ಉಳಿಸಿದ ಆಸ್ಪತ್ರೆಯವರು ಕಣ್ಣಿನ ಮಾತನ್ನು ಆಕೆಗೆ ಹೇಳಿ ಕಳುಹಿಸಿರಲಿಲ್ಲ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಉಳಿಯಬಹುದಿತ್ತು ತಾಯಿ" ಎಂದೆ. ಒಂದು ದುಃಖವನ್ನು ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದೆನೇ ಎಂಬ ಅಳುಕು ನನಗೆ ಇಂದೂ ಇದೆ. ಆಕೆ ಮಾತ್ರ ಸೆರಗಿನಿಂದ ಕಣ್ಣೊರಸಿಕೊಂಡು, "ಇದನ್ನ ನಾಲ್ಕು ಜನಕ್ಕೆ ಹೇಳಿ ಮೇಷ್ಟ್ರೇ" ಎಂದರು.

ಆಕೆಯ ಮಾತಿನಂತೆ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಮೂವತ್ತನಾಲ್ಕು ವಾರ ತುಂಬುವ ಮುನ್ನ ಹುಟ್ಟಿದ, ಇಲ್ಲವೇ ಎರಡು ಕಿಲೋಗಿಂತ ಕಡಿಮೆ ತೂಕದ ಕಂದ ಇದ್ದರೆ, ಹುಟ್ಟಿದ ಮೂವತ್ತು ದಿನಗಳೊಳಗೆ ಅದರ ಅಕ್ಷಿಪಟಲವನ್ನು ಬಲ್ಲವರಿಂದ ನೋಡಿಸಿ. ತೀರ ಚಿಕ್ಕ ಮಗುವಾದರೆ ಇನ್ನೂ ಮೊದಲೇ. ಆಸ್ಪತ್ರೆಯವರು ಹೇಳದಿದ್ದರೆ ನೀವೇ ಕೇಳಿ. ಮತ್ತೆ ಬರಲು ಹೇಳಿದ ದಿನವನ್ನು ತಪ್ಪಿಸಬೇಡಿ.